ಬದುಕಿರುವವನಿಗೆ ವೈಕುಂಠ ಸಮಾರಾಧನೆ: ನಮ್ಮ ಕಿರುಚಿತ್ರ ಆದದ್ದು ಹೀಗೆ

ಚೀಟಿ ದುಡ್ಡು ನುಂಗಿ ಊರು ಬಿಟ್ಟವನಿಗೆ, ಅವನು ಬದುಕಿರುವಾಗಲೇ ತಿಥಿ ಮಾಡಿಬಿಟ್ಟರೆ? ನಮ್ಮ ಕಿರುಚಿತ್ರದ ಕಥೆ ಇಷ್ಟೇ. ಮಾಡುವವರು ಸರೋಜಮ್ಮ, ಲಲಿತಾ, ಪದ್ಮಕ್ಕ ಅನ್ನುವ ಮೂವರು ಗೆಳತಿಯರು. ಮೂವರಿಗೂ 65 ದಾಟಿದೆ, ಮೈಸೂರಿನ ಒಂದೇ ಬೀದಿಯವರು. ಪೊಲೀಸರು, ವಕೀಲರು, ಹೊರದೇಶದಲ್ಲಿರುವ ಮಕ್ಕಳು ಯಾರೂ ಉಪಯೋಗಕ್ಕೆ ಬರದಿದ್ದಾಗ ತಾವೇ ಸೆರಗು ಸಿಕ್ಕಿಸಿಕೊಂಡು ಇಳಿಯುತ್ತಾರೆ. ಬರೆದು ನಿರ್ದೇಶಿಸಿದ್ದು ನಾನು. ಡಾರ್ಕ್ ಕಾಮಿಡಿ ಮಾಡಬೇಕು ಅಂತ ಹೊರಟ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ.

ಸೇಡಿನ ಕಥೆಯಲ್ಲಿ ಮೊದಲು ನ್ಯಾಯದ ಬಾಗಿಲು ಮುಚ್ಚಿರಬೇಕು. ಇಲ್ಲದಿದ್ದರೆ ನೋಡುವವರು 'ಸ್ಟೇಷನ್ನಿಗೆ ಹೋಗಬಹುದಿತ್ತಲ್ಲ' ಅಂತಾರೆ, ಅಲ್ಲಿಗೆ ಕಥೆ ಮುಗಿಯಿತು. ನಾನು ಚೀಟಿಯನ್ನು ಆರಿಸಿಕೊಂಡಿದ್ದು ಇದಕ್ಕೇ. 20 ಜನ, ತಿಂಗಳಿಗೆ 5,000, ಒಟ್ಟು 1 ಲಕ್ಷ. ಅವಸರ ಇದ್ದವರು ಕಡಿಮೆಗೆ ಕೂಗಿ ಎತ್ತುತ್ತಾರೆ. 80,000ಕ್ಕೆ ಎತ್ತಿದರೆ ಉಳಿದ 20,000ದಲ್ಲಿ ನಡೆಸುವವನ ಕಮಿಷನ್ ಕಳೆದು ಬಾಕಿಯದು ಎಲ್ಲರಿಗೂ ಹಂಚಿಕೆ. ಕೊನೆತನಕ ಎತ್ತದೆ ಕಾಯುವವರು ಹೆಚ್ಚಾಗಿ ಹೆಂಗಸರೇ, ಯಾಕೆಂದರೆ ಕೊನೆಗೆ ಎತ್ತಿದರೆ ಲಾಭ. ನಡೆಸುವವನು ಓಡಿಹೋದರೆ ಪೂರ್ತಿ ಮುಳುಗುವವರೂ ಅವರೇ.

1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ಚೀಟಿ ಶುರು ಮಾಡುವ ಮೊದಲೇ ಅನುಮತಿ ಬೇಕು, ನೋಂದಣಿ ಬೇಕು. ಕಮಿಷನ್ನಿಗೂ ಮಿತಿ ಇದೆ. ಮೊದಲು ನೂರಕ್ಕೆ 5 ಇತ್ತು, 2019ರ ತಿದ್ದುಪಡಿಯಲ್ಲಿ 7 ಆಯಿತು. ಬೀದಿ ಚೀಟಿಯಲ್ಲಿ ಇದ್ಯಾವುದೂ ಇರಲ್ಲ. ಒಂದು ನೋಟ್‌ಬುಕ್ಕು, ಅದರಲ್ಲಿ ನಡೆಸುವವನ ಕೈಬರಹ, ಅಷ್ಟೇ. ಓಡುವಾಗ ಅವನು ಅದನ್ನೂ ತಗೊಂಡು ಓಡುತ್ತಾನೆ. ಚಿತ್ರದಲ್ಲಿ ಸರೋಜಮ್ಮನ ಪಾತ್ರ ಸ್ಟೇಷನ್ನಿಗೆ ಹೋದಾಗ ಕೇಳುವುದು ಒಂದೇ ಪ್ರಶ್ನೆ, 'ದಾಖಲೆ ಏನಿದೆ ಅಮ್ಮ?' ಕೇಳುವವನು ಒಳ್ಳೆಯವನೇ. ಅವನನ್ನು ಲಂಚಕೋರ ಮಾಡಿದ್ದರೆ ಕೋಪ ಅವನ ಮೇಲೆ ತಿರುಗಿಬಿಡುತ್ತಿತ್ತು.

ಸೇಡು ಹೇಗೆ? ಎಲ್ಲರ ತಲೆಗೂ ಮೊದಲು ಬರುವುದು ವಿಷ. ವಯಸ್ಸಾದ ಹೆಂಗಸು, ಅಡುಗೆಮನೆ, ಕಷಾಯ, ಹಿತ್ತಲಿನ ಕಣಗಿಲೆ ಗಿಡ. ನಾನು ಅದನ್ನು ಬೇಗ ಬಿಟ್ಟೆ. ಒಂದು, ನೋಡಿದವರು ಮನೆಯಲ್ಲಿ ಮಾಡಿ ನೋಡಬಹುದಾದ ಕೊಲೆಯನ್ನು ತೋರಿಸಲು ನನಗೆ ಇಷ್ಟವಿಲ್ಲ. ಎರಡು, ಅದು ಆಗಿಹೋದ ಕೆಲಸ. 'ಆರ್ಸೆನಿಕ್ ಅಂಡ್ ಓಲ್ಡ್ ಲೇಸ್' ಎಂಬ ನಾಟಕ 1941ರಲ್ಲೇ ಬ್ರಾಡ್‌ವೇಗೆ ಬಂತು. ಬ್ರೂಕ್ಲಿನ್‌ನ ಇಬ್ಬರು ವಯಸ್ಸಾದ ಅಕ್ಕತಂಗಿಯರು ಒಂಟಿ ಮುದುಕರಿಗೆ ವೈನಿನಲ್ಲಿ ವಿಷ ಹಾಕಿ ಕೊಡುತ್ತಾರೆ. ಫ್ರಾಂಕ್ ಕಾಪ್ರಾ ಅದನ್ನು ಸಿನಿಮಾ ಮಾಡಿ ಮುಗಿಸಿದರೂ, ನಾಟಕ ಓಡುತ್ತಲೇ ಇದ್ದುದರಿಂದ 1944ರ ತನಕ ಬಿಡುಗಡೆಗೆ ಕಾಯಬೇಕಾಯಿತು. ಅದರಿಂದ ನಾನು ತಗೊಂಡಿದ್ದು ವಿಷವನ್ನಲ್ಲ, ಆ ಅಕ್ಕತಂಗಿಯರ ಮನಸ್ಸನ್ನು. ತಾವು ಪುಣ್ಯದ ಕೆಲಸ ಮಾಡುತ್ತಿದ್ದೇವೆ ಅಂತಲೇ ಅವರು ನಂಬಿರುತ್ತಾರೆ. ಒಂದು ಸಲವೂ ಪ್ರೇಕ್ಷಕರಿಗೆ ಕಣ್ಣು ಹೊಡೆಯುವುದಿಲ್ಲ.

ಹಾಗಾದರೆ ನಮ್ಮ ಬೀದಿಯ ಹೆಂಗಸರಿಗೆ ಬೇರೆಯವರಿಗಿಂತ ಚೆನ್ನಾಗಿ ಏನು ಗೊತ್ತು? ಸಾವು ಗೊತ್ತು. ಯಾರ ಮನೆಯಲ್ಲಿ ಹೋದರೂ ಅಲ್ಲಿ ನಿಂತು ನಡೆಸುವವರು ಇವರೇ. ಪುರೋಹಿತರಿಗೆ ಫೋನು, ಎಳ್ಳು, ದರ್ಭೆ, ಪಂಚೆ, 13ನೇ ದಿನಕ್ಕೆ ಎಷ್ಟು ಎಲೆ, ಯಾವ ಸಂಬಂಧಿಕರಿಗೆ ಮೊದಲು ಹೇಳದಿದ್ದರೆ ಮುನಿಸು. ಈ ವಿದ್ಯೆಯನ್ನೇ ಆಯುಧ ಮಾಡಿದರೆ? ಅವನು ಸತ್ತ ಅಂತ ಬೀದಿ ತುದಿಯಲ್ಲಿ ಶ್ರದ್ಧಾಂಜಲಿ ಬ್ಯಾನರ್ ಕಟ್ಟುವುದು. ಛತ್ರ ಹಿಡಿದು ವೈಕುಂಠ ಸಮಾರಾಧನೆಗೆ ಊರಿಗೆಲ್ಲ ಹೇಳುವುದು. ಅವನಿಗೆ ಸಾಲ ಬಾಕಿ ಇದ್ದವರು ಕೊಡುವುದನ್ನು ನಿಲ್ಲಿಸುತ್ತಾರೆ. ಅವನು ಕೊಡಬೇಕಾದವರು ಮನೆ ಮುಂದೆ ಬಂದು ಕೂರುತ್ತಾರೆ. ಇನ್ನೆಲ್ಲೋ ಅಡಗಿರುವವನು ತಾನು ಬದುಕಿದ್ದೇನೆ ಅಂತ ತೋರಿಸಲು ಊರಿಗೆ ಬರಲೇಬೇಕು. ಬಂದರೆ ಛತ್ರದ ತುಂಬ ಅವನಿಂದ ಮೋಸ ಹೋದವರೇ.

ಸ್ಕ್ರಿಪ್ಟ್ ಓದುವಾಗ ಒಬ್ಬ ಗೆಳೆಯ ತಡೆದು, 'ಸಾವಿನ ಸುದ್ದಿ ಹಾಕಿಸೋಕೆ ಹೋದರೆ ಪೇಪರಿನವರು ಡೆತ್ ಸರ್ಟಿಫಿಕೇಟ್ ಕೇಳಲ್ವಾ?' ಅಂದ. ಆ ಪ್ರಶ್ನೆಯೇ ಮಾತಾಗಿ ಚಿತ್ರದೊಳಗೆ ಸೇರಿತು. ಲಲಿತಾ ಹೇಳುತ್ತಾಳೆ: 'ಪೇಪರಿನವರು ಕೇಳ್ತಾರೆ. ವಾಟ್ಸಾಪ್ ಕೇಳಲ್ಲ.'

ಕನ್ನಡದಲ್ಲಿ ಸಾವಿನ ಊಟದ ಸುತ್ತ ನಗೆ ಅಂದರೆ ಯಾರಿಗೇ ಆಗಲಿ 'ತಿಥಿ' ನೆನಪಾಗುತ್ತದೆ. ರಾಮ್ ರೆಡ್ಡಿ ಮಂಡ್ಯದ ನೊದೆಕೊಪ್ಪಲಿನಲ್ಲಿ, ನಟರಲ್ಲದ ಊರವರನ್ನೇ ಇಟ್ಟು ಮಾಡಿದ್ದು. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಚಿತ್ರ. 'ಅದರ ತರಾನಾ?' ಅಂತ ನನ್ನನ್ನೂ ತುಂಬ ಜನ ಕೇಳಿದರು. ಅಲ್ಲ. ಅಲ್ಲಿ ನಿಜವಾಗಿಯೂ ಒಬ್ಬ ಅಜ್ಜ ಸತ್ತಿದ್ದಾನೆ, ಹೊಲದ ಸುತ್ತ ಗಂಡಸರ ಕಥೆ ನಡೆಯುತ್ತದೆ. ಇಲ್ಲಿ ಹೆಣವೇ ಇಲ್ಲ, ಹೆಂಗಸರ ಲೆಕ್ಕಾಚಾರ ಇದೆ. ಆದರೆ ಸಾವಿನ ಮನೆಯಲ್ಲಿ ನಗಬಹುದು ಅನ್ನುವ ಧೈರ್ಯ ನಮಗೆಲ್ಲ ಅದರಿಂದ ಸ್ವಲ್ಪ ಬಂದಿದೆ.

ಪಾತ್ರಕ್ಕೆ ಹುಡುಕುವಾಗ ನಾನು ಹಾಕಿಕೊಂಡ ಕಟ್ಟುಪಾಡು ಒಂದೇ. ವಯಸ್ಸನ್ನು ನೋಡಿ ನಗುವಂತಿರಬಾರದು. ಅಜ್ಜಿ ಕೆಟ್ಟ ಮಾತು ಬೈಯುವುದು, ಅಜ್ಜಿ ಕೂಲಿಂಗ್ ಗ್ಲಾಸ್ ಹಾಕುವುದು, ಅಜ್ಜಿ ಬೈಕ್ ಓಡಿಸುವುದು. ಇದಕ್ಕೆ ನಗು ಬರುತ್ತದೆ ನಿಜ. ಆದರೆ ಆ ನಗುವಿನ ಒಳಗೆ 'ಈ ವಯಸ್ಸಿನಲ್ಲಿ ಇವರಿಗೆ ಇದೆಲ್ಲ ಯಾಕೆ' ಅನ್ನುವುದು ಇದೆ. ನನಗೆ ಬೇಕಿದ್ದ ನಗು ಬೇರೆ. ಈ ಮೂವರು ಎಷ್ಟು ಅಚ್ಚುಕಟ್ಟಾಗಿ, ಎಷ್ಟು ಶ್ರದ್ಧೆಯಿಂದ ಒಬ್ಬನನ್ನು ಮುಗಿಸುತ್ತಿದ್ದಾರೆ ಅನ್ನುವುದಕ್ಕೆ ಬರುವ ನಗು.

ಒಬ್ಬರು ಹವ್ಯಾಸಿ ರಂಗಭೂಮಿಯವರು. ಇನ್ನೊಬ್ಬರು ವರ್ಷಗಟ್ಟಲೆ ರೇಡಿಯೋ ನಾಟಕ ಮಾಡಿದವರು. ಮೂರನೆಯವರು ನಟಿಯೇ ಅಲ್ಲ, ಮದುವೆ ಮುಂಜಿಗೆ ಅಡುಗೆ ಮಾಡಿಸಿ ಅನುಭವ ಇರುವವರು. ರೇಡಿಯೋದವರನ್ನು ನೋಡಿ ನಾನು ತುಂಬ ಕಲಿತೆ. ಅವರು ಮುಖದಲ್ಲಿ ಏನೂ ಮಾಡುವುದಿಲ್ಲ, ಎಲ್ಲವೂ ದನಿಯಲ್ಲೇ. ಕ್ಯಾಮೆರಾ ಮುಂದೆ ಅದು ಎಂಥ ಅದೃಷ್ಟ! ತಣ್ಣಗಿನ ಮುಖ ಇಟ್ಟುಕೊಂಡು 'ಫೋಟೋಗೆ ಯಾವ ಹೂವಿನ ಹಾರ ಹಾಕೋಣ, ಸುಗಂಧರಾಜ ಅವನಿಗೆ ಜಾಸ್ತಿ ಆಯ್ತು' ಅಂದಾಗ ಸೆಟ್ಟಿನಲ್ಲಿ ಲೈಟ್ ಹಿಡಿದ ಹುಡುಗ ನಕ್ಕು ಟೇಕ್ ಹಾಳು ಮಾಡಿದ. ಅಡುಗೆಯವರಂತೂ ನನ್ನ ಸಂಭಾಷಣೆಯನ್ನೇ ತಿದ್ದಿದರು. ನೂರು ಎಲೆಗೆ ನಾನು ಬರೆದಿದ್ದ ಅಕ್ಕಿ ಸಾಲದು, 10ರಿಂದ 12 ಕೆಜಿ ಬೇಕು, ಸಾವಿನ ಊಟಕ್ಕೆ ಜನ ಹೇಳದೇನೂ ಬರ್ತಾರೆ ಅಂದರು. ಆ ಮಾತನ್ನು ಹಾಗೇ ಇಟ್ಟುಕೊಂಡೆ. ಸಂಚು ಮಾಡುವ ದೃಶ್ಯಗಳಲ್ಲಿ 'ಸೇಡು', 'ಮುಗಿಸೋಣ' ಅನ್ನುವ ಪದಗಳೇ ಇಲ್ಲ. ಬರೀ ಬೇಳೆ, ಬೆಲ್ಲ, ಎಲೆಯ ಲೆಕ್ಕ.

ರಿಹರ್ಸಲ್ ತುಂಬ ಮಾಡಿದೆವು. ನಾನು ಹೇಳುತ್ತಿದ್ದುದು ಇಷ್ಟೇ: ಇದು ಕಾಮಿಡಿ ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ಮಟ್ಟಿಗೆ ಇದು ನಿಜವಾದ ಸಮಾರಾಧನೆ, ಊಟ ಕೆಟ್ಟರೆ ನಿಮಗೆ ಅವಮಾನ.

ಶೂಟಿಂಗ್ ವೇಳಾಪಟ್ಟಿಯನ್ನು ಅವರ ಮಾತ್ರೆಗಳ ಸುತ್ತ ಹಾಕಿದೆವು. ಬೆಳಿಗ್ಗೆ ಬೇಗ ಶುರು, ಊಟ ಹೊತ್ತಿಗೆ ಸರಿಯಾಗಿ, ಮಧ್ಯಾಹ್ನ ಕಡ್ಡಾಯ ನಿದ್ದೆ. ರಾತ್ರಿ ದೃಶ್ಯಗಳನ್ನು ಹಗಲಲ್ಲೇ ಕಿಟಕಿಗೆ ಕಪ್ಪು ಬಟ್ಟೆ ಹೊಡೆದು ಮುಗಿಸಿದೆವು. ಹುಡುಗರ ಜೊತೆ ಮಾಡುವಂತೆ 'ಇನ್ನೊಂದೇ ಶಾಟ್' ಅಂತ ನಡುರಾತ್ರಿ ತನಕ ಎಳೆದರೆ ಮಾತಿನ ಟೈಮಿಂಗ್ ಹೋಗುತ್ತದೆ. ಕಾಮಿಡಿಯಲ್ಲಿ ಟೈಮಿಂಗ್ ಹೋದರೆ ಇನ್ನೇನು ಉಳಿಯಿತು?

ಮೂವರೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಮಾಡುತ್ತಾ ಯೋಜನೆ ಹಾಕುವ ದೃಶ್ಯ ಇದೆ. ಕೆರೆ ಮೈಸೂರು ವಿಶ್ವವಿದ್ಯಾನಿಲಯದ್ದು, ಅನುಮತಿ ಅಲ್ಲಿಂದ ತಗೊಳ್ಳಬೇಕು. ಬೆಳಗಿನ ವಾಕಿಂಗ್ ಗುಂಪು ಕ್ಯಾಮೆರಾ ನೋಡದಿರಲಿ ಅಂತ ದೂರದಿಂದ ಲಾಂಗ್ ಲೆನ್ಸಿನಲ್ಲಿ ತೆಗೆದೆವು. ಉಳಿದ ಚಿತ್ರವೆಲ್ಲ ಹೆಚ್ಚುಕಡಿಮೆ 35 ಎಂಎಂ ಲೆನ್ಸು, ಕದಲದ ಫ್ರೇಮು, ಮೂವರೂ ಒಟ್ಟಿಗೆ ಕಾಣಬೇಕು. ನಗೆಯ ಮಾತು ಬಂದ ಕೂಡಲೇ ಕ್ಲೋಸ್‌ಅಪ್‌ಗೆ ಹಾರುವುದು ನನಗೆ ಆಗದು. 'ಇಲ್ಲಿ ನಗಿ' ಅಂತ ಬೋರ್ಡ್ ಹಿಡಿದ ಹಾಗೆ ಇರುತ್ತದೆ.

ಒಂದೇ ಒಂದು ದೊಡ್ಡ ಕ್ಲೋಸ್‌ಅಪ್ ಇದೆ, ಅದು ಕಣ್ಣಿನದು. ಪೊರೆ ಆಪರೇಷನ್ ಆಗಿ ಒಳಗೆ ಲೆನ್ಸ್ ಕೂರಿಸಿದ ಕಣ್ಣಿಗೆ ಪಕ್ಕದಿಂದ ಬೆಳಕು ಬಿದ್ದರೆ ಕೆಲವರಲ್ಲಿ ಪಾಪೆಯೊಳಗೆ ಮಿಣುಕ್ ಅಂತ ಹೊಳೆಯುತ್ತದೆ. ಕ್ಯಾಮೆರಾಮನ್ ಮೊದಲು ಅದನ್ನು ತಪ್ಪಿಸಲು ದೀಪ ಸರಿಸುತ್ತಿದ್ದ. ನಾನು ಬೇಡ ಅಂದೆ. ಲಲಿತಾಗೆ ತಿಥಿಯ ಉಪಾಯ ಹೊಳೆಯುವ ಕ್ಷಣದಲ್ಲಿ ಅದೇ ಹೊಳಪು ಬೇಕೆಂದು ಕೋನ ಹುಡುಕಿ ಹುಡುಕಿ ಹಿಡಿದೆವು. ಗ್ರಾಫಿಕ್ಸಾ ಅಂತ ಕೇಳಿದವರಿದ್ದಾರೆ. ಅಲ್ಲ, ಸರ್ಜರಿ.

ಸೌಂಡ್ ವಿಷಯಕ್ಕೆ ಬಂದರೆ ಬರೀ ತಲೆನೋವು. ಸ್ಥಳದಲ್ಲೇ ಧ್ವನಿ ಹಿಡಿಯಬೇಕು ಅಂತ ಹಟ ಮಾಡಿದ್ದೆ, ಡಬ್ಬಿಂಗ್‌ನಲ್ಲಿ ಮೂವರು ಒಬ್ಬರ ಮೇಲೊಬ್ಬರು ಮಾತಾಡುವ ಸೊಗಸು ಸಿಗಲ್ಲ. ಕಾಲರ್ ಮೈಕನ್ನು ಸೀರೆಯೊಳಗೆ ಇಟ್ಟರೆ ರೇಷ್ಮೆ ಸರಸರ ಅನ್ನುತ್ತದೆ, ತಾಳಿ ಸರ ಟಣ್ ಅನ್ನುತ್ತದೆ, ಬಳೆ ಎಲ್ಲದಕ್ಕೂ ತಾಳ ಹಾಕುತ್ತದೆ. ಛತ್ರದ ದೃಶ್ಯಕ್ಕೆ ಮಾತ್ರ ರೇಷ್ಮೆ, ಬೇರೆಲ್ಲ ಕಡೆ ಒಗೆದು ಮೆತ್ತಗಾದ ಹತ್ತಿ ಸೀರೆ. ತಾಳಿಯನ್ನು ಮೆಡಿಕಲ್ ಟೇಪಿನಿಂದ ಅಂಟಿಸಿದೆವು. ರಂಗಭೂಮಿಯವರು ಮಾಡುವ ಹಾಗೆ ಇಬ್ಬರಿಗೆ ಮೈಕನ್ನು ಕೂದಲೊಳಗೆ, ಮಲ್ಲಿಗೆ ದಂಡೆಯ ಹಿಂದೆ ಸಿಕ್ಕಿಸಿದೆವು. ಮೂರನೆಯವರ ಕಿವಿಯಲ್ಲಿ ಹಿಯರಿಂಗ್ ಏಡ್ ಇತ್ತು, ಪಕ್ಕದಲ್ಲಿ ಏನೇ ತಾಗಿದರೂ ಅದು ಕುಯ್ಯ್ ಅನ್ನುತ್ತಿತ್ತು. ಅದನ್ನು ತೆಗೆಸುವ ಬದಲು ಪಾತ್ರಕ್ಕೇ ಕೊಟ್ಟುಬಿಟ್ಟೆ. ತನಗೆ ಬೇಡದ ಮಾತು ಬಂದಾಗ ಪದ್ಮಕ್ಕ ಕಿವಿ ಮುಟ್ಟಿಕೊಳ್ಳುತ್ತಾಳೆ, ಕುಯ್ಯ್ ಅನ್ನುತ್ತದೆ, ಎದುರಿನವರು ಸುಮ್ಮನಾಗುತ್ತಾರೆ.

ಶ್ರದ್ಧಾಂಜಲಿ ಬ್ಯಾನರ್ ಬಟ್ಟೆಯದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಿಂದಲೇ ನಿಷೇಧ, ಊರಲ್ಲಿ ಕಾಣುವ ಕಥೆ ಬೇರೆ ಬಿಡಿ. ಖಳನ ಪಾತ್ರಧಾರಿ ತಮ್ಮ ಫೋಟೋ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ನೋಡಿ ಸ್ವಲ್ಪ ಬಿಳಿಚಿಕೊಂಡರು. ಬ್ಯಾನರ್ ಕಟ್ಟಿದ್ದು ಒಂದು ಶಾಟ್‌ನಷ್ಟು ಹೊತ್ತು. ಅಷ್ಟರಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಅವರ ಪರಿಚಯದವರೊಬ್ಬರು ನಿಲ್ಲಿಸಿ ಕೈ ಮುಗಿದು, ಪಕ್ಕದಲ್ಲೇ ಟೀ ಕುಡಿಯುತ್ತಾ ನಿಂತಿದ್ದ ಅವರನ್ನು ನೋಡಿ ಬೆಚ್ಚಿಬಿದ್ದರು. ಕ್ಯಾಮೆರಾ ಓಡುತ್ತಿರಲಿಲ್ಲ, ಅದೊಂದೇ ಸಂಕಟ. ಅವರ ಮನೆಯವರ ಸಮಾಧಾನಕ್ಕೆ ಫೋಟೋ ದೃಶ್ಯ ಮುಗಿದ ಮೇಲೆ ಅವರನ್ನು ಕ್ಯಾಮೆರಾ ಎದುರು ನಿಲ್ಲಿಸಿ ನಗುವ ಶಾಟ್ ತೆಗೆದು, ಕೊನೆಯ ದಿನ ಬೂದುಗುಂಬಳ ಒಡೆದೆವು. ನಾನು ಇದನ್ನೆಲ್ಲ ನಂಬುವವನಲ್ಲ. ಒಡೆಯದೆ ಇರುವ ಧೈರ್ಯವೂ ಇಲ್ಲ.

ಇನ್ನು ಕೊನೆ. ಖಳ ಛತ್ರಕ್ಕೆ ಬರುತ್ತಾನೆ, ಹಾರ ಹಾಕಿದ ತನ್ನ ಫೋಟೋ ನೋಡುತ್ತಾನೆ, ಪಂಕ್ತಿಯಲ್ಲಿ ಕೂತವರೆಲ್ಲ ತಲೆ ಎತ್ತುತ್ತಾರೆ. ಮುಂದೆ? ಜನ ಹೊಡೆಯುವುದನ್ನು ನಾನು ಬರೆಯಲಿಲ್ಲ, ಅದು ಬೇರೆ ಸಿನಿಮಾ. ಅವನು ಎದೆ ಹಿಡಿದುಕೊಂಡು ಕುಸಿಯುತ್ತಾನೆ. ಎಲ್ಲರೂ ಸ್ತಬ್ಧ. ಪದ್ಮಕ್ಕ ಬಗ್ಗಿ ನೋಡಿ, ಸೆರಗಿಗೆ ಕೈ ಒರೆಸಿಕೊಂಡು ಹೇಳುತ್ತಾಳೆ: 'ಹೇಗೂ ಅಡುಗೆ ಆಗಿದೆ ಅಲ್ವಾ.' ಬಡಿಸುವವರು ಮತ್ತೆ ಹೊರಡುತ್ತಾರೆ.

ಆ ಮಾತಿನ ಮೇಲೆ ಎಡಿಟಿಂಗ್‌ನಲ್ಲಿ ದೊಡ್ಡ ಜಗಳ. ಎಡಿಟರ್ ಅಲ್ಲೇ ಕತ್ತರಿಸಬೇಕು ಅಂದ. ನಾನು ಶಾಟನ್ನು ಹಿಡಿದೆ, ಪಾಯಸ ಮೊದಲ ಎಲೆಯಿಂದ ಕೊನೆಯ ಎಲೆ ತನಕ ಹೋಗುವಷ್ಟು ಹೊತ್ತು. ಮೊದಲು ನಗು ಬರುತ್ತದೆ. ಆಮೇಲೆ, ಈ ಜನ ಊಟ ಮಾಡ್ತಾ ಇದ್ದಾರಲ್ಲ ಅಂತ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಆ ಎರಡನೆಯದು ಆಗದಿದ್ದರೆ ಇದು ಬರೀ ಕಾಮಿಡಿ, ಡಾರ್ಕ್ ಅಲ್ಲ. ಬಡಿಸುವ ಸದ್ದು ಬಿಟ್ಟು ಸಂಗೀತವನ್ನೂ ಹಾಕಲಿಲ್ಲ. ದುಃಖದ ವೀಣೆಯೋ ತಮಾಷೆಯ ಪೀಪಿಯೋ ಬಂದರೆ ಪ್ರೇಕ್ಷಕರ ಪರವಾಗಿ ನಾನೇ ತೀರ್ಮಾನ ಹೇಳಿದಂತೆ.

ಇನ್ನೊಂದು ದೃಶ್ಯ ತೆಗೆದು ಬಿಸಾಡಿದೆವು. ಅವನ ಬ್ಯಾಗಿನಲ್ಲಿ ಚೀಟಿ ದುಡ್ಡು ಸಿಕ್ಕಿ, ಮೂವರೂ ನೋಟ್‌ಬುಕ್ ನೋಡಿ ಎಲ್ಲರಿಗೂ ಹಂಚುವುದು. ಚೆನ್ನಾಗಿಯೇ ಬಂದಿತ್ತು. ಆದರೆ ದುಡ್ಡು ವಾಪಸ್ ಬಂದರೆ ಸೇಡಿನ ಕಥೆ ಹೋಗಿ ವಸೂಲಿಯ ಕಥೆ ಆಗುತ್ತದೆ. ಒಂದು ಸಾವು ನಡೆದಿದೆ, ಅದಕ್ಕೆ ಬದಲಾಗಿ ಕೈಗೆ ಏನೂ ಸಿಕ್ಕಿಲ್ಲ. ಈ ಮೂವರು ಅದನ್ನು ಹೊತ್ತುಕೊಂಡೇ ನಾಳೆ ವಾಕಿಂಗ್ ಹೋಗಬೇಕು. ನನಗೆ ಕಥೆ ಅದೇ.

ಪ್ರದರ್ಶನ ಮಾಡಿದ ಕಡೆಯಲ್ಲೆಲ್ಲ ವಯಸ್ಸಾದ ಹೆಂಗಸರು ಕೇಳಿದ್ದು ಮಾತ್ರ ಅದನ್ನೇ: 'ದುಡ್ಡು ಸಿಕ್ತಾ?' ಒಂದು ಸಲ ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅಡುಗೆಯವರು ಮೈಕ್ ಕಸಿದುಕೊಂಡರು. 'ಎಲ್ಲಿ ಸಿಗುತ್ತೆ? ಛತ್ರಕ್ಕೂ ಊಟಕ್ಕೂ ನಾವು ಮೂವರೇ ಕೈಯಿಂದ ಹಾಕಿದ್ದು, ಇನ್ನೂ ಎಲೆಯವನಿಗೆ ಬಾಕಿ ಇದೆ' ಅಂದರು.