ಮಗುವಿಗೆ ಊರಿನ ಗ್ರಂಥಾಲಯದ ಕಾರ್ಡ್ ಮಾಡಿಸುವುದು ಹೇಗೆ?

ಮನೆ ಕಂದಾಯ ಕಟ್ಟಿದ ರಸೀದಿ ಇದ್ದರೆ ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಶಿಕ್ಷಣ ಕರದ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ಕಂದಾಯದ ಮೇಲೆ ಶೇ 6. ಅಂದರೆ ಊರಿನ ಗ್ರಂಥಾಲಯಕ್ಕೆ ನೀವು ಆಗಲೇ ದುಡ್ಡು ಕೊಟ್ಟಾಗಿದೆ. ಹಾಗಿದ್ದೂ ನಮ್ಮಲ್ಲಿ ಎಷ್ಟೋ ಮನೆಯವರು ಅದರ ಹೊಸಿಲು ತುಳಿದಿಲ್ಲ. ಈ ಭಾನುವಾರ ಮಗುವನ್ನು ಕರೆದುಕೊಂಡು ಹೊರಡಿ.

ಹುಡುಕುವುದು ಕಷ್ಟವಲ್ಲ. ಗ್ರಾಮ ಪಂಚಾಯ್ತಿ ಕಚೇರಿಯ ಹತ್ತಿರವೇ ಇರುವುದು ಜಾಸ್ತಿ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದ್ದರೆ ಗಾಬರಿಯಾಗಬೇಡಿ, ಅದೇ ಗ್ರಂಥಾಲಯ. ಬಾಗಿಲು ತೆರೆಯುವ ಹೊತ್ತು, ವಾರದ ರಜೆ ಯಾವತ್ತು ಎಂದು ಮೊದಲೇ ಕೇಳಿಕೊಂಡು ಹೋದರೆ ಸುಮ್ನೆ ಓಡಾಟ ತಪ್ಪುತ್ತದೆ.

ಒಳಗೆ ಮೇಲ್ವಿಚಾರಕರು ಇರುತ್ತಾರೆ. ‘ಓದುವ ಬೆಳಕು’ ಸದಸ್ಯತ್ವ ಬೇಕು ಎಂದು ಕೇಳಿ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್‌ನಲ್ಲಿ ಶುರುವಾದ ಕಾರ್ಯಕ್ರಮ ಇದು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪೂರ್ತಿ ಉಚಿತ. ಮಗುವಿನ ಹೆಸರು, ವಯಸ್ಸು, ತರಗತಿ, ನಿಮ್ಮ ಫೋನ್ ನಂಬರ್ ಬರೆಸಿ. ಶಾಲೆಯ ಗುರುತಿನ ಚೀಟಿಯೋ ಆಧಾರ್ ಪ್ರತಿಯೋ ಕೈಯಲ್ಲಿದ್ದರೆ ಒಳ್ಳೆಯದು. ಸಹಿ ಹಾಕುವ ಜಾಗದಲ್ಲಿ ಮಗುವಿನ ಕೈಲೂ ಹೆಸರು ಬರೆಸಿ. ಕಾರ್ಡ್ ತನ್ನದು ಅನ್ನುವುದು ಅದಕ್ಕೆ ಅಲ್ಲೇ ಗೊತ್ತಾಗಲಿ.

ಇನ್ನು ಮುಂದಿನದು ನಿಜವಾದ ಕೆಲಸ. ಪುಸ್ತಕವನ್ನು ನೀವು ಆರಿಸಬೇಡಿ. ಸಾಮಾನ್ಯ ಜ್ಞಾನದ ಪುಸ್ತಕ ತಗೋ, ಪರೀಕ್ಷೆಗೆ ಆಗುತ್ತೆ ಅಂತ ಹೇಳಬೇಕು ಅನ್ನಿಸುತ್ತದೆ, ಅಲ್ವಾ? ಹೇಳಬೇಡಿ. ಮಗು ಕಪಾಟಿನ ಮುಂದೆ ಕೂತು ಹತ್ತು ಪುಸ್ತಕ ಎಳೆದು, ಒಂಬತ್ತು ಬಿಟ್ಟು, ಆನೆ ಚಿತ್ರ ಇರುವ ತೆಳ್ಳನೆಯ ಪುಸ್ತಕ ಹಿಡಿದುಕೊಂಡರೆ ಅದನ್ನೇ ಬರೆಸಿ. ಐದನೇ ತರಗತಿಯ ಮಗು ಎರಡನೇ ತರಗತಿಯ ಕಥೆ ಓದಿದರೂ ಚಿಂತೆಯಿಲ್ಲ. ತಡವರಿಸದೆ ಒಂದು ಪುಸ್ತಕ ಮುಗಿಸಿದ ಮಗು ಇನ್ನೊಂದಕ್ಕೆ ತಾನೇ ಕೈಚಾಚುತ್ತದೆ. ಮನೆಗೆ ಬಂದ ಮೇಲೆ ‘ಏನು ಕಲಿತೆ?’ ಎಂದು ಪ್ರಶ್ನೆ ಹಾಕಬೇಡಿ. ‘ನನಗೂ ಓದಿ ಹೇಳು’ ಅನ್ನಿ. ಅಜ್ಜಿಗೆ ಕಣ್ಣು ಮಂಜಾಗಿದ್ದರೆ ಇನ್ನೂ ಒಳ್ಳೆಯದು. ಅಜ್ಜಿಗೆ ಕಥೆ ಸಿಗುತ್ತದೆ, ಮಗುವಿಗೆ ಕೇಳುವವರು ಸಿಗುತ್ತಾರೆ. ಓದಲು ಬಾರದ ಅಪ್ಪ ಅಮ್ಮಂದಿರೂ ಇಷ್ಟು ಮಾಡಬಹುದು, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಮೇಲ್ವಿಚಾರಕರ ಹತ್ತಿರ ಇನ್ನೊಂದು ವಿಷಯ ವಿಚಾರಿಸಿ: ಇಲ್ಲಿ ಬೇರೆ ಏನೇನು ನಡೆಯುತ್ತದೆ? ಕೆಲವು ಕಡೆ ಚೆಸ್, ಕೇರಂ, ಕಥೆ ಹೇಳುವುದು, ಚಿತ್ರ ಬಿಡಿಸುವುದು ಇರುತ್ತದೆ. ಕಂಪ್ಯೂಟರ್ ಬಂದಿರುವ ಕಡೆ ಮಕ್ಕಳು ಅದನ್ನೂ ಬಳಸಬಹುದು. ಮನೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣನೋ ಅಕ್ಕನೋ ಇದ್ದರೆ ದಿನಪತ್ರಿಕೆ, ಮಾಸಪತ್ರಿಕೆಗಳಿಗೆ ಅವರೂ ಬರಲಿ.

ಮಕ್ಕಳ ಪುಸ್ತಕ ಕಡಿಮೆ ಇದೆಯಾ? ಬೇಸರ ಮಾಡಿಕೊಂಡು ವಾಪಸ್ ಬರಬೇಡಿ. ಬೇಕಾದ ಪುಸ್ತಕಗಳ ಪಟ್ಟಿ ಬರೆದು ಮೇಲ್ವಿಚಾರಕರಿಗೆ ಒಂದು ಪ್ರತಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಒಂದು ಪ್ರತಿ ಕೊಡಿ. ಕಂದಾಯದ ರಸೀದಿಯನ್ನೂ ಜೊತೆಗಿಟ್ಟುಕೊಳ್ಳಿ. ಗ್ರಾಮಸಭೆಯಲ್ಲಿ ಕೇಳಬಹುದು. ಅದಕ್ಕಿಂತ ಚೆನ್ನಾದ ಜಾಗ ಮಕ್ಕಳ ಗ್ರಾಮಸಭೆ. ಅಲ್ಲಿ ಮಾತಾಡುವ ಹಕ್ಕು ಮಗುವಿನದೇ. ಪಟ್ಟಿಯನ್ನು ಅದರ ಕೈಗೇ ಕೊಟ್ಟು ಕಳಿಸಿ.