ಕಲಬುರಗಿ ಬಿಸಿಲಲ್ಲಿ ಬೆರಳು ಎಣಿಸಿದ್ದು

ಏಸಿ ರೂಮಿಲ್ಲದೆ ಹೀಲಿ-ಶಾ ಸೆಲ್‌ನಲ್ಲಿ ನಂಬುವಂಥ ಅಳತೆ ಬರುವುದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಈ ಸೆಲ್ ಅಂದರೆ ನಡುವೆ ಸಣ್ಣ ಸಂದು ಬಿಟ್ಟು ಜೋಡಿಸಿದ ಎರಡು ಗಾಜು. ಆ ಸಂದಿನಲ್ಲಿ ಗ್ಲಿಸರಿನ್‌ನಂಥ ಗಟ್ಟಿ ದ್ರವ ತುಂಬಿ ಗಾಳಿ ಬಿಟ್ಟರೆ, ಗಾಳಿ ಬೆರಳು ಬೆರಳಾಗಿ ಒಳಗೆ ಚಾಚುತ್ತದೆ. ನಾನು ಎಣಿಸುವುದು ಆ ಬೆರಳುಗಳನ್ನು. ನಂಬುವಂಥ ಅಳತೆ ಈಗ ಬಂದಿದೆ. ಅದೂ ಕಲಬುರಗಿಯ ಮೇ ತಿಂಗಳ ಬಿಸಿಲನ್ನೇ ಬಳಸಿಕೊಂಡು. ಹೇಗೆ ಬಂತು, ಎಷ್ಟು ದುಡ್ಡು ಹೋಯಿತು ಅಂತ ಬರೆದಿಡುತ್ತಿದ್ದೇನೆ. ಡಿಸ್ಪರ್ಷನ್ ರಿಲೇಷನ್ (ಯಾವ ತರಂಗಾಂತರದ ಅಲೆ ಎಷ್ಟು ಬೇಗ ಬೆಳೆಯುತ್ತದೆ ಅನ್ನುವ ಸಮೀಕರಣ) ತೆಗೆಯುವುದು ಓದುವವರಿಗೆಲ್ಲ ಗೊತ್ತಿದೆ ಅಂದುಕೊಂಡಿದ್ದೇನೆ, ಆ ಲೆಕ್ಕ ಇಲ್ಲಿ ಮಾಡುವುದಿಲ್ಲ.

ನಾನು ಗಣಿತದವನು. ಪಿಎಚ್‌ಡಿ ಮಾಡಿದ್ದು ರೇಲಿ-ಟೇಲರ್ ಅಸ್ಥಿರತೆಯ ಮೇಲೆ. ಹಗುರ ದ್ರವದ ಮೇಲೆ ಭಾರದ ದ್ರವ ನಿಂತಾಗ ನಡುವಿನ ಗೆರೆ ಅಲೆಯಾಗಿ ಕುಸಿಯುವುದೇ ಅದು. ಪೋರಸ್ (ರಂಧ್ರಗಳಿರುವ) ಪದರ ಕೊಟ್ಟರೆ ಅಲೆ ಬೆಳೆಯುವ ವೇಗ ಎಷ್ಟು ತಗ್ಗುತ್ತದೆ ಅನ್ನುವ ಲೆಕ್ಕ. ಕರ್ನಾಟಕದಲ್ಲಿ ಈ ಕೆಲಸ ಹಿಡಿದವರಲ್ಲಿ ಬಹಳ ಮಂದಿ ಬೆಂಗಳೂರಿನ ಎನ್. ರುದ್ರಯ್ಯನವರು ಹಾಕಿದ ದಾರಿಯಲ್ಲೇ ನಡೆದವರು. ನಾನೂ ಅಷ್ಟೇ. ಪೋರಸ್ ಪದರದ ಅಂಚಿಗೆ ಬೀವರ್ಸ್-ಜೋಸೆಫ್ ಕಂಡಿಷನ್, ಅಲೆಗೆ ನಾರ್ಮಲ್ ಮೋಡ್, ನಾಲ್ಕು ಗ್ರಾಫ್, ಪೇಪರ್ ರೆಡಿ. ಎಷ್ಟೋ ವರ್ಷ ಹೀಗೇ ಬರೆದೆ. ಆ ಪೇಪರುಗಳ ಬಗ್ಗೆ ನನಗೆ ಹೆಮ್ಮೆಯೂ ಇದೆ. ಆದರೂ ಹಾಳೆಯ ಮೇಲೆ ಬೆಳೆಸಿದ ಅಲೆಗಳಲ್ಲಿ ಒಂದನ್ನಾದರೂ ಕಣ್ಣಾರೆ ನೋಡಬೇಕು ಅನ್ನುವ ಆಸೆ ಬಿಡಲಿಲ್ಲ. ರೇಲಿ-ಟೇಲರ್ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಸಾಫ್‌ಮನ್ ಮತ್ತು ಟೇಲರ್ 1958ರಲ್ಲಿ ತೋರಿಸಿದ ಬೆರಳುಗಳು ನಿಧಾನ, ಫೋನ್ ಕ್ಯಾಮೆರಾಕ್ಕೆ ಆರಾಮಾಗಿ ಸಿಗುತ್ತವೆ. ಅದನ್ನೇ ಹಿಡಿದೆ.

ಅನುದಾನಕ್ಕೆ ಅರ್ಜಿ ಹಾಕಿದ್ದೆ. ಗಣಿತ ವಿಭಾಗಕ್ಕೆ ಉಪಕರಣ ಯಾಕೆ ಅಂತ ಕೇಳಿ ವಾಪಸ್ ಕಳಿಸಿದರು. ಸಿರಿಂಜ್ ಪಂಪಿಗೆ ಕೊಟೇಷನ್ ತರಿಸಿದರೆ ಲಕ್ಷದ ಮೇಲಿತ್ತು. ಹಿರಿಯರೊಬ್ಬರು ಪ್ರೀತಿಯಿಂದಲೇ ಹೇಳಿದರು: "ನಮಗ ಪೆನ್ನು, ಹಾಳಿ ಸಾಕ್ರೀ. ಗಾಜು ಫಿಜಿಕ್ಸ್‌ನವರಿಗೆ ಬಿಡ್ರಿ." ನಾನು ಬಿಡಲಿಲ್ಲ. ಸ್ವಂತ ದುಡ್ಡು ಹಾಕಿದೆ. ಎಲ್ಲ ಸೇರಿ ಹದಿನೆಂಟು ಸಾವಿರದ ಆಸುಪಾಸು ಆಗಿರಬಹುದು. ಅದರಲ್ಲಿ ಅರ್ಧ ಒಡೆದ ಗಾಜಿಗೂ ಕೆಟ್ಟ ಗ್ಲಿಸರಿನ್‌ಗೂ ಹೋಯಿತು.

ಮೊದಲು ಗಾಜು. 5 ಮಿ.ಮೀ. ಗಾಜು ಹಾಕಿದರೆ ಒತ್ತಡಕ್ಕೆ ನಡುವೆ ಉಬ್ಬುತ್ತದೆ. ಅಂಚಿನಲ್ಲಿ ಸಂದು ಅರ್ಧ ಮಿ.ಮೀ. ಇದ್ದರೆ ನಡುವೆ ಬೇರೆಯೇ ಇರುತ್ತದೆ. ಹರಿವು ಸಂದಿನ ಘನಕ್ಕೆ ತಕ್ಕಂತೆ ಏರುವುದರಿಂದ ಸಂದಿನಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಹರಿವಿನಲ್ಲಿ ಮೂವತ್ತು ತಪ್ಪುತ್ತದೆ. 12 ಮಿ.ಮೀ. ಬೇಕೇ ಬೇಕು. ಅಂಗಡಿಯವರು "ಇಷ್ಟ್ ದಪ್ಪಂದು ಟಫನ್ ಮಾಡಿಸ್ರಿ ಸರ್, ಒಡೆಯಂಗಿಲ್ಲ" ಅಂದರು. ಒಂದು ಜೊತೆ ಮಾಡಿಸಿ ನೋಡಿದೆ. ಟಫನ್ ಮಾಡುವಾಗ ಗಾಜು ರೋಲರ್ ಮೇಲೆ ಹೋಗುತ್ತದಲ್ವಾ, ಅದರ ಏರಿಳಿತ ಗಾಜಿನಲ್ಲಿ ಉಳಿದುಬಿಡುತ್ತದೆ. ಟ್ಯೂಬ್‌ಲೈಟ್ ಬಿಂಬ ಅದರಲ್ಲಿ ಡೊಂಕು ಡೊಂಕಾಗಿ ಕಾಣುತ್ತಿತ್ತು. ಬೆರಳುಗಳೂ ಆ ಡೊಂಕನ್ನೇ ಹಿಡಿದು ಹೋದವು. ಸಾದಾ ಫ್ಲೋಟ್ ಗಾಜೇ ಸರಿ. ಅಂಚು ಪಾಲಿಶ್ ಮಾಡಿಸಿ, ಇಲ್ಲದಿದ್ದರೆ ಕ್ಲಾಂಪ್ ಬಿಗಿಯುವಾಗ ಅಂಚಿನಿಂದ ಸೀಳುತ್ತದೆ. ಕೆಳಗೆ ಪಾಲಿಶ್ ಹಾಕಿದ ಶಹಾಬಾದ್ ಕಲ್ಲು. ನಮ್ಮ ಊರಲ್ಲಿ ಅದಕ್ಕಿಂತ ಅಗ್ಗದ, ಅಲುಗದ ಟೇಬಲ್ ಎಲ್ಲಿ ಸಿಗಬೇಕು?

ಸಂದಿಗೆ ಹಳೆ ಓಎಚ್‌ಪಿ (ಪ್ರೊಜೆಕ್ಟರಿನ ಪಾರದರ್ಶಕ) ಹಾಳೆ. ಒಂದೊಂದು ಸುಮಾರು 0.1 ಮಿ.ಮೀ., ಐದು ಸೇರಿದರೆ ಅರ್ಧ ಮಿ.ಮೀ. ಗ್ಯಾರೇಜಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನಾಲ್ಕೂ ಮೂಲೆ ನೋಡಿಕೊಳ್ಳುತ್ತೇನೆ.

ಪಂಪಿನ ಬದಲು ಸಲೈನ್ ಸೆಟ್. ಮೇಲಿನ ಬಾಟಲಿಯಿಂದ ನೀರು ಮುಚ್ಚಿದ ಕೆಳಗಿನ ಬಾಟಲಿಗೆ ಇಳಿಯುತ್ತದೆ. ಎಷ್ಟು ನೀರು ಇಳಿಯಿತೋ ಅಷ್ಟು ಗಾಳಿ ಸೆಲ್‌ಗೆ ಹೋಗುತ್ತದೆ. ಮೇಲಿನ ಬಾಟಲಿಯನ್ನು ಮಾರಿಯೋಟ್ ಮಾದರಿಯಲ್ಲಿ (ಗಾಳಿ ಒಳಬರುವ ಕೊಳವೆಯ ತುದಿ ನೀರಿನೊಳಗೆ ಮುಳುಗಿರುವಂತೆ) ಕಟ್ಟಿದರೆ ನೀರಿನ ಮಟ್ಟ ಇಳಿದರೂ ಹರಿವು ಬದಲಾಗುವುದಿಲ್ಲ. ಇಪ್ಪತ್ತು ಸೆಂ.ಮೀ. ಅಗಲದ ಸೆಲ್‌ಗೆ ಸೆಕೆಂಡಿಗೆ ಅರ್ಧ ಎಂಎಲ್ ಬಿಟ್ಟರೆ ಇಂಟರ್‌ಫೇಸ್ (ಗಾಳಿ, ಗ್ಲಿಸರಿನ್ ಸೇರುವ ಗೆರೆ) ಸೆಕೆಂಡಿಗೆ ಅರ್ಧ ಸೆಂ.ಮೀ. ಸರಿಯುತ್ತದೆ. ಈ ಇಡೀ ವ್ಯವಸ್ಥೆಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಕೆಳಗಿನ ಬಾಟಲಿಯಲ್ಲಿ ಗಾಳಿಯ ಜಾಗ ಕಡಿಮೆ ಇರಲಿ. ಜಾಸ್ತಿ ಇದ್ದರೆ ಗಾಳಿ ಮೊದಲು ಸುಮ್ನೆ ಒತ್ತಿಕೊಂಡು, ಆಮೇಲೆ ಒಮ್ಮೆಲೇ ನುಗ್ಗುತ್ತದೆ.

ಇಷ್ಟೆಲ್ಲ ಆದಮೇಲೂ ಬೆರಳ ಲೆಕ್ಕ ಕೂಡಲಿಲ್ಲ. ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ತರಂಗಾಂತರ (ಒಂದು ಬೆರಳಿನಿಂದ ಪಕ್ಕದ ಬೆರಳಿಗಿರುವ ದೂರ) ಅಂದರೆ ಪೈ ಗುಣಿಸು ಸಂದು, ಭಾಗಿಸು ಕ್ಯಾಪಿಲರಿ ನಂಬರಿನ ವರ್ಗಮೂಲ. ಕ್ಯಾಪಿಲರಿ ನಂಬರ್ ಅಂದರೆ ಸ್ನಿಗ್ಧತೆ (ದ್ರವ ಹರಿಯಲು ಒಡ್ಡುವ ತಡೆ) ಗುಣಿಸು ವೇಗ, ಭಾಗಿಸು ಮೇಲ್ಮೈ ಎಳೆತ. ಗ್ಲಿಸರಿನ್‌ಗೆ 25 ಡಿಗ್ರಿಯ ಸ್ನಿಗ್ಧತೆ ಹಾಕಿದರೆ 6 ಮಿ.ಮೀ. ಬರುತ್ತದೆ. ಅಂದರೆ ನನ್ನ ಸೆಲ್‌ನಲ್ಲಿ ಮೂವತ್ತರ ಮೇಲೆ ಬೆರಳು. ಬೇಸಿಗೆಯಲ್ಲಿ ಕಂಡದ್ದು ಇಪ್ಪತ್ತರ ಒಳಗೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಗ್ಲಿಸರಿನ್ 20 ಡಿಗ್ರಿಯಲ್ಲಿ ಸುಮಾರು 1.4 ಪಾಸ್ಕಲ್-ಸೆಕೆಂಡ್, 40ರಲ್ಲಿ 0.28. ಐದು ಪಟ್ಟು ಇಳಿಕೆ. "ಅದಕ್ಕೇ ಹೇಳಿದ್ದು, ಏಸಿ ಇಲ್ಲದೆ ಆಗೋದಿಲ್ಲ" ಅಂತ ಎಲ್ಲರೂ ಶುರು ಮಾಡಿದರು.

ತಂಪು ಮಾಡಲು ನೋಡಿದೆ. ಕೂಲರ್ ಹಚ್ಚಿದರೆ ಕೋಣೆಯೆಲ್ಲ ತೇವ, ಗ್ಲಿಸರಿನ್ ಆ ತೇವ ಎಳೆದುಕೊಳ್ಳುತ್ತದೆ. ನೂರಕ್ಕೆ ಐದು ಭಾಗ ನೀರು ಸೇರಿದರೆ ಸಾಕು, ಸ್ನಿಗ್ಧತೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಬಂದು ನಿಲ್ಲುತ್ತದೆ. ಗಾಜಿನ ಕೆಳಗೆ ಐಸ್ ಇಟ್ಟರೆ ಒಂದು ಕಡೆ ತಂಪು, ಒಂದು ಕಡೆ ಬಿಸಿ, ಮೇಲೆ ಹನಿ. ಮಳೆಗಾಲದಲ್ಲಿ ಮುಚ್ಚಳ ಸರಿಯಾಗಿ ಕೂರದ ಕ್ಯಾನೊಂದು ಪೂರ್ತಿ ದಂಡವಾಯಿತು. ಹೈದರಾಬಾದಿನಿಂದ ತಂದ ಮಾಲು ಅದು, ಹೊಟ್ಟೆ ಉರಿಯಿತು.

ಆಗ ಯೋಚನೆ ತಿರುಗಿಸಿದೆ. ಬಿಸಿಲನ್ನು ತಡೆಯುವ ಬದಲು ಅಳೆದರೆ? ಡಿಸೆಂಬರ್ ಮುಂಜಾನೆ ನನ್ನ ಕೋಣೆ 18ರ ಸುತ್ತ, ಮೇ ಮಧ್ಯಾಹ್ನ 42. ಒಂದೇ ಕ್ಯಾನು, ಅದೇ ಗಾಜು, ಅದೇ ಸಲೈನ್ ಸೆಟ್. ಋತು ಬದಲಾದಂತೆ ಸ್ನಿಗ್ಧತೆ ತಾನೇ ಸುಮಾರು ಏಳು ಪಟ್ಟು ಬದಲಾಗುತ್ತದೆ, ಮೇಲ್ಮೈ ಎಳೆತ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಏಸಿ ರೂಮಿನಲ್ಲಿದ್ದವರು ಇಷ್ಟು ವ್ಯಾಪ್ತಿಗೆ ನಾಲ್ಕಾರು ದ್ರವ ಕೊಳ್ಳಬೇಕು. ನಮಗೆ ಸೂರ್ಯನೇ ರೆಗ್ಯುಲೇಟರ್.

ಪ್ರತಿ ಸಲ ಸೆಲ್ ತುಂಬುವ ಮೊದಲು ಅದೇ ಗ್ಲಿಸರಿನ್ ಅಳತೆ ಜಾಡಿಗೆ ಹಾಕಿ 2 ಮಿ.ಮೀ. ಸ್ಟೀಲ್ ಗುಂಡು ಬಿಡುತ್ತೇನೆ. ಫೋನಿನ ಸ್ಲೋ ಮೋಷನ್‌ನಲ್ಲಿ ವೇಗ ತೆಗೆದು, ಬೀಳುವ ವೇಗದಿಂದ ಸ್ನಿಗ್ಧತೆ ಕೊಡುವ ಸ್ಟೋಕ್ಸ್ ಸೂತ್ರಕ್ಕೆ ಜಾಡಿ ಗೋಡೆಯ ತಿದ್ದುಪಡಿ ಹಾಕುತ್ತೇನೆ. 40 ಡಿಗ್ರಿಯಲ್ಲಿ ಗುಂಡು ಸೆಕೆಂಡಿಗೆ ಐದು ಸೆಂ.ಮೀ. ಹತ್ತಿರ ಇಳಿಯುತ್ತದೆ, ಚಳಿಯಲ್ಲಿ ಒಂದು ಸೆಂ.ಮೀ.ಗೆ ಬರುತ್ತದೆ. ತೇವ ಎಳೆದಿದ್ದರೂ ಈ ಅಳತೆಯಲ್ಲೇ ಸಿಕ್ಕಿಬೀಳುತ್ತದೆ. ಪುಸ್ತಕದ ಸ್ನಿಗ್ಧತೆ ಪಟ್ಟಿ ನೋಡುವ ಕೆಲಸವೇ ಇಲ್ಲ.

ಎರಡು ಬೇಸಿಗೆ, ಎರಡು ಚಳಿಗಾಲದ ಬಿಂದುಗಳನ್ನೆಲ್ಲ ಒಂದೇ ಗ್ರಾಫಿಗೆ ಹಾಕಿದೆ: ಒಂದು ಅಕ್ಷಕ್ಕೆ ಅಳೆದ ತರಂಗಾಂತರ, ಇನ್ನೊಂದಕ್ಕೆ ಸಂದು ಭಾಗಿಸು ಕ್ಯಾಪಿಲರಿ ನಂಬರಿನ ವರ್ಗಮೂಲ. ಒಂದೇ ಗೆರೆಯ ಮೇಲೆ ಕೂತವು. ಇಳಿಜಾರು 3.3ರ ಆಸುಪಾಸು, ಪೈ ಹತ್ತಿರವೇ. ಉಳಿದ ವ್ಯತ್ಯಾಸದಲ್ಲಿ ಗಾಜಿಗೆ ಅಂಟಿ ಉಳಿಯುವ ತೆಳು ಪದರದ ಪಾಲಿದೆ ಅನ್ನುವುದು ನನ್ನ ಅಂದಾಜು. ಪಾರ್ಕ್ ಮತ್ತು ಹೋಮ್ಸಿ 1984ರಲ್ಲಿ ಆ ಪದರದ ಲೆಕ್ಕ ಮಾಡಿದ್ದಾರೆ. ಗ್ರಾಫ್ ನೋಡಿದ ಮೇಲೆ ಆ ಹಿರಿಯರು ಸೆಲ್ ನೋಡಲು ತಾವೇ ಬಂದರು. ಮೊಳೆಯುವ ಕ್ಷಣವನ್ನು ಕೂತು ನೋಡಬೇಕು. ನೆಟ್ಟಗಿದ್ದ ಗೆರೆ ಮೊದಲು ಸ್ವಲ್ಪ ನಡುಗಿದಂತಾಗುತ್ತದೆ, ಆಮೇಲೆ ಸಣ್ಣ ಉಬ್ಬುಗಳು, ಮುಂದಿದ್ದದ್ದು ಪಕ್ಕದ್ದನ್ನು ಹಿಂದೆ ತಳ್ಳುತ್ತದೆ. ಎಣಿಕೆ ಮೊದಲ ಉಬ್ಬುಗಳಲ್ಲೇ ಮುಗಿಸಬೇಕು. ತಡ ಮಾಡಿದರೆ ಲೀನಿಯರ್ (ಉಬ್ಬು ಸಣ್ಣದಿದ್ದಾಗ ಮಾತ್ರ ಸಲ್ಲುವ) ಲೆಕ್ಕಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಗೆರೆ ಅಷ್ಟು ನೆಟ್ಟಗೆ ಶುರುವಾಗುವಂತೆ ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಣ್ಣದ ವಿಷಯವೂ ಅಷ್ಟೇ. ಸುಮ್ಮನೆ ಇಂಕ್ ಹಾಕಬೇಡಿ, ಮೇಲ್ಮೈ ಎಳೆತ ಇಳಿದುಹೋಗುವ ಭಯವಿದೆ. ನಾನು ಬಳಸುವುದು ಬೇರೆ. ಪೇಪರ್ ಬರುವವರೆಗೆ ಇವೆರಡು ನನ್ನ ಹತ್ತಿರವೇ ಇರಲಿ.

ನಡುವೆ ಬೇರೆ ಆಟಗಳೂ ಆದವು. ಕುಸುಬೆ ಎಣ್ಣೆ ತೆಳು, ಬೆರಳು ದಪ್ಪ ದಪ್ಪ, ಎಣಿಕೆಗೆ ಸಾಲುವುದಿಲ್ಲ. ಗ್ಲಿಸರಿನ್‌ಗೆ ಗಾಳಿಯ ಬದಲು ನೀರು ಬಿಟ್ಟರೆ ಎರಡೂ ಬೆರೆಯುವುದರಿಂದ ಮೇಲ್ಮೈ ಎಳೆತವೇ ಇಲ್ಲ, ಬೆರಳಿನ ಅಳತೆ ಸಂದಿನ ಸುಮಾರು ನಾಲ್ಕು ಪಟ್ಟು. ಎಲ್ಲಕ್ಕಿಂತ ಚೆಂದ ಬಂದದ್ದು ನಮ್ಮ ಎರೆಮಣ್ಣು. ಸೋಸಿ, ನೆನೆಹಾಕಿ, ಗಟ್ಟಿ ಗಂಜಿಯ ಹದಕ್ಕೆ ತಂದು ಗಾಳಿ ಬಿಟ್ಟೆ. ಮೆಲ್ಲಗೆ ಬಿಟ್ಟರೆ ದುಂಡು ಬೆರಳು, ಜೋರು ಮಾಡಿದರೆ ಚೂಪು ತುದಿಯ ಸೀಳು. ಜೇಡಿಯ ಪೇಸ್ಟ್‌ನಲ್ಲಿ ಬೆರಳು ಬಿರುಕಾಗುವ ಈ ಬದಲಾವಣೆಯನ್ನು ಫ್ರಾನ್ಸಿನವರು 1991ರಲ್ಲೇ ಬರೆದಿದ್ದಾರೆ. ಆದರೆ ನಮ್ಮ ಹೊಲದ ಮಣ್ಣಿನಲ್ಲಿ ನೋಡುವ ಖುಷಿಯೇ ಬೇರೆ. ಇದಕ್ಕೆ ವಿದ್ಯಾರ್ಥಿಯೊಬ್ಬಳು ಈಗ ಮಾಡೆಲ್ ಬರೆಯುತ್ತಿದ್ದಾಳೆ.

ಮುಂದೆ ಸಂದನ್ನೇ ಇಳಿಜಾರು ಮಾಡುವ ಆಲೋಚನೆ. ಗಾಳಿ ಒಳಬರುವ ಕಡೆ ಐದು ಹಾಳೆ, ಹೊರಹೋಗುವ ಕಡೆ ನಾಲ್ಕು. ಸಂದು ಮುಂದೆ ಮುಂದೆ ಕಿರಿದಾದರೆ ಬೆರಳನ್ನು ಅಡಗಿಸಬಹುದು ಅಂತ 2012ರಲ್ಲಿ ತೋರಿಸಿದ್ದಾರೆ. ಯಾವ ಇಳಿಜಾರಿಗೆ ಅಡಗುತ್ತದೆ ಅನ್ನುವುದು ಸ್ನಿಗ್ಧತೆಯ ಮೇಲೂ ನಿಂತಿದೆ. ಹಾಗಾಗಿ ಇಲ್ಲೂ ಬಿಸಿಲು ಕೆಲಸಕ್ಕೆ ಬರುತ್ತದೆ.

ಗ್ರಾಫಿನಲ್ಲಿ ತಂಪಿನ ಕಡೆ ಬಿಂದುಗಳು ಇನ್ನೂ ಕಡಿಮೆ. ಬೀದರ್ ನಮಗಿಂತ ಎತ್ತರದಲ್ಲಿದೆ, ಜನವರಿ ಮುಂಜಾನೆ ಚಳಿ ಜಾಸ್ತಿ. ಅಲ್ಲಿ ಯಾವುದಾದರೂ ಕಾಲೇಜಿನವರು ಒಂದು ಕೋಣೆ ಕೊಟ್ಟರೆ ಗಾಜು, ಸಲೈನ್ ಸೆಟ್, ಗುಂಡು ಎಲ್ಲ ನಾನೇ ತರುತ್ತೇನೆ. ಗ್ಲಿಸರಿನ್ ಕ್ಯಾನಿನ ಮುಚ್ಚಳ ಮಾತ್ರ ಯಾರೂ ತೆಗೆದಿಡಬಾರದು.