ಒಣಗದ ನ್ಯೂಟ್ರೋಫಿಲ್‌ನ ಕೋಶಕೇಂದ್ರವನ್ನು ಚಿತ್ರಿಸಿದ ಬಗೆ

ಗಾಜಿನ ಮೇಲೆ ತೆಳುವಾಗಿ ಹರಡಿ ಲೀಶ್ಮನ್ ಬಣ್ಣ ಹಾಕಿದ ರಕ್ತದ ಸ್ಮಿಯರ್ ನೋಡಿ ಅಭ್ಯಾಸವಿದ್ದವರಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಕೋಶಕೇಂದ್ರ ಚಿರಪರಿಚಿತ: ಸಾಮಾನ್ಯವಾಗಿ ಮೂರರಿಂದ ಐದು ಹಾಲೆಗಳು, ಅವನ್ನು ಜೋಡಿಸುವ ಸಣ್ಣ ಎಳೆಗಳು. ಆದರೆ ಸ್ಮಿಯರ್‌ನಲ್ಲಿ ಕೋಶ ಒಣಗಿ ಚಪ್ಪಟೆಯಾಗಿರುತ್ತದೆ. ಹಾಲೆ ಎಣಿಸಲು ಅಷ್ಟು ಸಾಕು. ಕ್ರೊಮಾಟಿನ್ (ಡಿಎನ್‌ಎ ಮತ್ತು ಪ್ರೋಟೀನುಗಳ ಹೆಣಿಗೆ) ಎಲ್ಲಿ ದಟ್ಟವಾಗಿದೆ, ಯಾವ ಹಾಲೆ ಯಾವುದರ ಮೇಲೆ ಮಡಚಿಕೊಂಡಿದೆ ಎಂಬುದನ್ನು ತಿಳಿಯಲು ಸಾಲದು. ಆದ್ದರಿಂದ ಕೋಶವನ್ನು ಒಮ್ಮೆಯೂ ಒಣಗಲು ಬಿಡದೆ ಶಿವಮೊಗ್ಗದಲ್ಲೇ ಸ್ಲೈಡ್ ಸಿದ್ಧಪಡಿಸಿ, ಚಿತ್ರಗಳನ್ನು ಬೆಂಗಳೂರಿನ ಸೂಕ್ಷ್ಮದರ್ಶಕದಲ್ಲಿ ತೆಗೆಯುವ ಕ್ರಮವನ್ನು ನಾನು ಅನುಸರಿಸಿದೆ.

ನ್ಯೂಟ್ರೋಫಿಲ್ ಬಲು ಬೇಗ ಕೆರಳುವ ಕೋಶ. ಒರಟಾಗಿ ಪಿಪೆಟ್ ಮಾಡಿದರೂ ಅದು ಆಕಾರ ಬದಲಿಸುತ್ತದೆ; ತೀವ್ರವಾಗಿ ಪ್ರಚೋದನೆಗೊಂಡರೆ ಕ್ರೊಮಾಟಿನ್ ಸಡಿಲಗೊಂಡು ಬಲೆಯಂತೆ ಹೊರಚೆಲ್ಲುತ್ತದೆ ಎಂಬುದು 2004ರಲ್ಲಿ ವರದಿಯಾದ ಸಂಗತಿ. ಹಾಗಾಗಿ ಕೆಂಪು ರಕ್ತಕಣಗಳನ್ನು ಕರಗಿಸಿ ತೊಳೆಯುವ ಹಂತದಲ್ಲಿ ಜೋರಾಗಿ ಅಲುಗಾಡಿಸುವ ವೋರ್ಟೆಕ್ಸ್ ಯಂತ್ರ ಬಳಸದೆ, ಕೋಶ ಅಂಟುವಂತೆ ಪಾಲಿ-ಲೈಸಿನ್ ಲೇಪಿಸಿದ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ ಕೋಶಗಳು ತಾವಾಗಿ ಇಳಿದ ಕೂಡಲೇ 4% ಪ್ಯಾರಾಫಾರ್ಮಾಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿದೆ, ಅಂದರೆ ಇದ್ದ ಆಕಾರದಲ್ಲೇ ಸ್ಥಿರಗೊಳಿಸಿದೆ. ಆಮೇಲೆ ಡಿಎನ್‌ಎಗೆ ಅಂಟಿ ಹೊಳೆಯುವ ಡಾಪಿ ಬಣ್ಣ.

ಮಲೆನಾಡಿನಲ್ಲಿ ನಿಜವಾಗಿ ಕಾಡುವುದು ಮೌಂಟಿಂಗ್, ಅಂದರೆ ಕವರ್‌ಸ್ಲಿಪ್ಪನ್ನು ಒಂದು ದ್ರವ ಮಾಧ್ಯಮದಲ್ಲಿ ಸ್ಲೈಡಿನ ಮೇಲೆ ಕೂರಿಸುವುದು. ಗಟ್ಟಿಯಾಗುವ ಮಾಧ್ಯಮಗಳು ಕುಗ್ಗುತ್ತ ಕೋಶವನ್ನೂ ಒತ್ತಿಬಿಡುತ್ತವೆ. ಒಣಗದಂತೆ ಕಾಪಾಡಿದ ಶ್ರಮ ಅಲ್ಲಿಗೆ ವ್ಯರ್ಥ. ಗ್ಲಿಸರಾಲ್ ಆಧಾರಿತ ಮಾಧ್ಯಮ ಒತ್ತುವುದಿಲ್ಲ, ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಅದರ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) ಇಳಿಯುತ್ತದೆ. ಆಯಿಲ್ ಲೆನ್ಸಿನ ಎಣ್ಣೆಯದು 1.518, ಇವೆರಡರ ಅಂತರ ಹೆಚ್ಚಿದಂತೆ ಚಿತ್ರ ಮೇಲೆ-ಕೆಳಗೆ ಹಿಗ್ಗಿ ಮಸುಕಾಗುತ್ತದೆ. ಆಷಾಢದ ಜಡಿಮಳೆಯಲ್ಲಿ ಕವರ್‌ಸ್ಲಿಪ್ಪಿನ ಅಂಚಿಗೆ ಬಳಿದ ನೇಲ್ ಪಾಲಿಶ್ ಕೂಡ ಬೇಗ ಆರದ ಕಾರಣ, ಸೀಲ್ ಮಾಡಿದ ಸ್ಲೈಡುಗಳನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟೇ ಸಾಗಿಸಿದೆ. ಕವರ್‌ಸ್ಲಿಪ್ 0.17 ಮಿಮೀ ದಪ್ಪದ್ದೇ ಆಗಿರಬೇಕು. ಲೆನ್ಸುಗಳು ಆ ಅಳತೆಗೇ ರೂಪುಗೊಂಡಿವೆ.

ಬೆಳಕಿನ ಸೂಕ್ಷ್ಮದರ್ಶಕಕ್ಕೆ ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟ ಮಿತಿ ಸುಮಾರು 200 ನ್ಯಾನೊಮೀಟರ್; ಅದಕ್ಕಿಂತ ಹತ್ತಿರವಿರುವ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಪಟ್ಟೆಪಟ್ಟೆಯಾದ ಬೆಳಕು ಬೀರಿ ಲೆಕ್ಕ ಹಾಕುವ ಸಿಮ್ (SIM) ವಿಧಾನ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಪದರ ಪದರವಾಗಿ ಚಿತ್ರ ತೆಗೆಯುವ ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಒಂದೇ ಮುದ್ದೆಯಂತಿದ್ದ ಎರಡು ಹಾಲೆಗಳ ನಡುವಿನ ಮಡಿಕೆ, ಅಂಚಿಗೆ ಒತ್ತಿಕೊಂಡ ದಟ್ಟ ಕ್ರೊಮಾಟಿನ್, ಒಳಗಿನ ಮಂಕು ಕುಳಿಗಳು ಇದರಲ್ಲಿ ಬಿಡಿಯಾಗಿ ಕಂಡವು. ಸುಂದರವಾಗಿ ಕಂಡದ್ದೆಲ್ಲ ನಿಜವಲ್ಲ: ಚಿತ್ರ ಮರುರಚಿಸುವ ಗಣನೆಯೇ ಜೇನುಗೂಡಿನಂಥ ವಿನ್ಯಾಸವನ್ನು ಹುಟ್ಟಿಸಬಲ್ಲದು. ಕಚ್ಚಾ ಚಿತ್ರದಲ್ಲಿ ಸುಳಿವೇ ಇಲ್ಲದ, ಕೋಶದ ಹೊರಗಿನ ಖಾಲಿ ಜಾಗದಲ್ಲೂ ಮುಂದುವರಿಯುವ ವಿನ್ಯಾಸವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ನೋಟದಲ್ಲಿ ಸಿಗುವ ದುಂಡು ಕೋಶಕೇಂದ್ರದ ಲಿಂಫೋಸೈಟ್ ಎಂಬ ಇನ್ನೊಂದು ಬಿಳಿ ರಕ್ತಕಣ ಒಳ್ಳೆಯ ಒರೆಗಲ್ಲು; ಅದರಲ್ಲೂ ಅದೇ ಜೇನುಗೂಡು ಅದೇ ಅಂತರದಲ್ಲಿ ಕಂಡರೆ ಆ ಚಿತ್ರವನ್ನು ಕೈಬಿಟ್ಟು, ಕಚ್ಚಾ ದತ್ತಾಂಶದಿಂದ ಮರುರಚನೆಯನ್ನು ಹೊಸದಾಗಿ ನಡೆಸುತ್ತೇನೆ.